ಬಳ್ಳಾರಿಯಿಂದ ಸಿರುಗುಪ್ಪಕ್ಕೆ: ನಿಸ್ತಂತು ಬ್ರಾಡ್‌ಬ್ಯಾಂಡ್ ತಲುಪದ ದಾರಿ

ಬಳ್ಳಾರಿ ನಗರದಿಂದ ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ. ಕುರುಗೋಡಿಗೆ ಸುಮಾರು 30 ಕಿ.ಮೀ. ಎರಡು ದಶಕಗಳ ಹಿಂದೆ ವೈಮ್ಯಾಕ್ಸ್ ಎಂಬ ನಿಸ್ತಂತು ಬ್ರಾಡ್‌ಬ್ಯಾಂಡ್ ತಂತ್ರಜ್ಞಾನದ ಪ್ರಚಾರದಲ್ಲಿ ಪದೇ ಪದೇ ಕೇಳಿಬರುತ್ತಿದ್ದ ಅಂಕಿ 50 ಕಿ.ಮೀ. ಅದನ್ನು ನಂಬುವುದಾದರೆ ಬಳ್ಳಾರಿಯ ಕೋಟೆ ಗುಡ್ಡದ ಮೇಲೆ ಒಂದು ಟವರ್ ನಿಲ್ಲಿಸಿದ್ದರೆ ಸಾಕಿತ್ತು. ರಸ್ತೆ ಅಗೆದು ಕೇಬಲ್ ಹೂಳದೆ ಸಿರುಗುಪ್ಪದ ಹೊಸ್ತಿಲವರೆಗೆ ಇಂಟರ್ನೆಟ್ ಹೋಗಬೇಕಿತ್ತು. ಹಾಗೇನೂ ಆಗಲಿಲ್ಲ. ಏಕೆ ಆಗಲಿಲ್ಲ ಎಂದು ಈಗ ಕೇಳಲು ಕಾರಣವಿದೆ. 2023ರಿಂದ ‘ಏರ್‌ಫೈಬರ್’ ಎಂಬ ಹೆಸರಿನಲ್ಲಿ ಅದೇ ಭರವಸೆ ಮತ್ತೆ ಮಾರುಕಟ್ಟೆಗೆ ಬಂದಿದೆ.

ಕರಾವಳಿಯ ನಮಗೆ ಬಳ್ಳಾರಿ ಪರಕೀಯ ಊರಲ್ಲ. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯದಲ್ಲಿ ನಮ್ಮ ಕಡೆಯ ಗುರುಗಳೂ ಧರ್ಮಭಗಿನಿಯರೂ ಸೇವೆ ಸಲ್ಲಿಸುತ್ತಾ ಬಂದಿದ್ದಾರೆ. ಅವರು ನಡೆಸುವ ಶಾಲೆ, ವಸತಿನಿಲಯಗಳ ಮಕ್ಕಳಿಗೆ ಇಂಟರ್ನೆಟ್ ಸಿಗುವುದೂ ಸಿಗದಿರುವುದೂ ನಮ್ಮ ಚಿಂತೆಯೇ.

ಮೊದಲು ತಂತ್ರಜ್ಞಾನದ ಮಾತು. ವೈಮ್ಯಾಕ್ಸ್ ನಿಂತಿದ್ದು ಐಇಇಇ ಸಂಸ್ಥೆಯ 802.16 ಎಂಬ ಮಾನದಂಡದ ಮೇಲೆ. ಮನೆಯೊಳಗಿನ ವೈ-ಫೈ ಕೆಲವು ಕೋಣೆಗಳನ್ನು ಮುಟ್ಟಿದರೆ ಇದು ಇಡೀ ನಗರವನ್ನು, ಅದರಾಚೆಯ ಹಳ್ಳಿಗಳನ್ನು ಮುಟ್ಟಬೇಕೆಂಬುದು ಉದ್ದೇಶ. ಜಾಹೀರಾತಿನಲ್ಲಿ ಎರಡು ಅಂಕಿಗಳು ಜೊತೆಯಾಗಿ ಬರುತ್ತಿದ್ದವು: 50 ಕಿ.ಮೀ. ದೂರ, ಸೆಕೆಂಡಿಗೆ 70 ಮೆಗಾಬಿಟ್ ವೇಗ. ಎರಡೂ ಒಟ್ಟಿಗೆ ಸಿಗುವುದಿಲ್ಲ ಎಂಬುದನ್ನು ಮಾತ್ರ ಯಾರೂ ದಪ್ಪ ಅಕ್ಷರದಲ್ಲಿ ಬರೆಯಲಿಲ್ಲ. ದೂರ ಹೆಚ್ಚಿದಂತೆ ವೇಗ ಇಳಿಯುತ್ತದೆ. ಇದ್ದ ವೇಗವನ್ನೂ ಆ ಟವರಿನ ಎಲ್ಲ ಗ್ರಾಹಕರು ಹಂಚಿಕೊಳ್ಳಬೇಕು. ಭೂಮಿಯ ದುಂಡುತನವೂ ಅಡ್ಡ ಬರುತ್ತದೆ. 30 ಮೀಟರ್ ಎತ್ತರದ ಟವರಿನಿಂದ ಮನೆಯ ಮಾಳಿಗೆಯ ಆಂಟೆನಾಕ್ಕೆ ಬಯಲಿನಲ್ಲಿ ನೇರ ನೋಟ ಸಿಗುವುದು ಹೆಚ್ಚೆಂದರೆ 30 ಕಿ.ಮೀ. ಅಂದರೆ ಲೆಕ್ಕದ ಪ್ರಕಾರ ಕುರುಗೋಡಿನವರೆಗೆ, ಅದೂ ನಡುವೆ ಬಂಡೆಗುಡ್ಡಗಳು ಇಲ್ಲದಿದ್ದರೆ! ಹೆಚ್ಚಿನ ಕಡೆ ಒಂದು ಟವರಿನಿಂದ ನಿಜವಾಗಿ ಸಿಕ್ಕಿದ್ದು ಕೆಲವೇ ಕಿಲೋಮೀಟರ್.

ಆದರೂ ಈ ವಿದ್ಯೆಗೆ ತಕ್ಕ ನೆಲವೆಂದರೆ ಸಿರುಗುಪ್ಪದಂಥದ್ದೇ. ನಮ್ಮ ಸುಳ್ಯ, ಬೆಳ್ತಂಗಡಿಗಳಲ್ಲಿ ಒಂದು ಗುಡ್ಡ ಇಳಿದರೆ ಸಿಗ್ನಲ್ ಹೋಯಿತು. ಉಳಿದದ್ದನ್ನು ಅಡಿಕೆ ತೋಟದ ಹಸಿರು ನುಂಗುತ್ತದೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ತೆಕ್ಕಲಕೋಟೆ, ಹಚ್ಚೊಳ್ಳಿ ಕಡೆ ಇರುವುದು ತುಂಗಭದ್ರೆಯ ನೀರುಂಡ ಭತ್ತದ ಗದ್ದೆಗಳ ಬಯಲು. ಅಲ್ಲಿ ತರಂಗಕ್ಕೆ ಅಡ್ಡಿ ಕಡಿಮೆ. ಹೀಗಿರುವಾಗ ಅಡ್ಡಿಯನ್ನು ಬೇರೆಲ್ಲೋ ಹುಡುಕಬೇಕು.

ನನ್ನ ಅಭಿಪ್ರಾಯದಲ್ಲಿ ಅದು ಇರುವುದು 2010ರ ತರಂಗಾಂತರ ಹರಾಜಿನಲ್ಲಿ. ಆ ವರ್ಷ ಬ್ರಾಡ್‌ಬ್ಯಾಂಡ್ ನಿಸ್ತಂತು ತರಂಗಾಂತರದಿಂದ ಕೇಂದ್ರ ಸರಕಾರಕ್ಕೆ ಬಂದದ್ದು ಸುಮಾರು 38,500 ಕೋಟಿ ರೂ. ಕರ್ನಾಟಕ ವಲಯ ಒಂದಕ್ಕೇ ಗೆದ್ದ ಎರಡು ಕಂಪೆನಿಗಳು ತಲಾ 1,543 ಕೋಟಿ ರೂ. ಕಟ್ಟಿದವು. ಒಂದು ಭಾರ್ತಿ, ಇನ್ನೊಂದು ಇನ್ಫೋಟೆಲ್. ಹರಾಜು ಮುಗಿದ ದಿನವೇ ಇನ್ಫೋಟೆಲ್‌ನ ಶೇ. 95 ಪಾಲನ್ನು ಖರೀದಿಸುವುದಾಗಿ ರಿಲಯನ್ಸ್ ಪ್ರಕಟಿಸಿತು. ಇಷ್ಟು ಹಣ ಕಟ್ಟಿದವರು ಅದನ್ನು ಮೊದಲು ಎಲ್ಲಿ ವಸೂಲು ಮಾಡಿಯಾರು? ಭಾರ್ತಿ 2012ರಲ್ಲಿ ಕರ್ನಾಟಕದ ಸೇವೆಯನ್ನು ಬೆಂಗಳೂರಿನಿಂದ ಆರಂಭಿಸಿತು. ಅದೂ ವೈಮ್ಯಾಕ್ಸ್ ಅಲ್ಲ, ಎಲ್‌ಟಿಇ.

ಹಳ್ಳಿಯ ಬಗ್ಗೆ ಷರತ್ತು ಇರಲಿಲ್ಲವೆಂದಲ್ಲ. 5 ವರ್ಷಗಳೊಳಗೆ ಅರ್ಧದಷ್ಟು ಗ್ರಾಮೀಣ ದೂರವಾಣಿ ವಲಯಗಳಿಗೆ ಸೇವೆ ಕೊಡಬೇಕೆಂದಿತ್ತು. ಆದರೆ ವಲಯಕ್ಕೆ ಸೇವೆ ಕೊಟ್ಟಂತೆ ಎಂದರೆ ಏನರ್ಥ? ಅಲ್ಲಿನ ಪುರಸಭೆ ಅಥವಾ ಸ್ಥಳೀಯ ಸಂಸ್ಥೆಯ ಗಡಿಯೊಳಗಿನ ಪ್ರದೇಶದ ಶೇ. 90 ಭಾಗ ಮುಟ್ಟಿದರಾಯಿತು. ಊರ ಗಡಿ ದಾಟಿ ಗದ್ದೆಯಂಚಿನ ಕ್ಯಾಂಪಿಗೆ ಹೋಗಬೇಕೆಂದು ಕಾಗದ ಹೇಳಲೇ ಇಲ್ಲ. ಹಳ್ಳಿಯ ಹೆಸರಿನಲ್ಲಿ ಬರೆದ ಷರತ್ತು ಪೇಟೆಯಲ್ಲೇ ಮುಗಿಯುವಂತಿತ್ತು.

ಬಿಎಸ್‌ಎನ್‌ಎಲ್ ಸಂಸ್ಥೆಗೆ ಹರಾಜಿಲ್ಲದೆ ತರಂಗಾಂತರ ಸಿಕ್ಕಿತು, ಆದರೆ ಹರಾಜಿನ ಬೆಲೆಯನ್ನೇ ತೆರಬೇಕಾಯಿತು: 8,300 ಕೋಟಿ ರೂ.ಗೂ ಹೆಚ್ಚು. ಗ್ರಾಮೀಣ ಸೇವಾ ಕೇಂದ್ರಗಳನ್ನು ವೈಮ್ಯಾಕ್ಸ್ ಮೂಲಕ ಜೋಡಿಸುವ ಯೋಜನೆಯೂ ಅದರ ಕೈಯಲ್ಲಿತ್ತು. ಅಷ್ಟರಲ್ಲಿ ಜಗತ್ತು ಎಲ್‌ಟಿಇ ಕಡೆ ಹೊರಳಿತು, ವೈಮ್ಯಾಕ್ಸ್ ಉಪಕರಣ ಕೊಳ್ಳುವವರು ಕಡಿಮೆಯಾದರು. ಕೊನೆಗೆ ಸಂಸ್ಥೆ ಕೆಲವು ವಲಯಗಳ ತರಂಗಾಂತರವನ್ನು ಸರಕಾರಕ್ಕೆ ಹಿಂದಿರುಗಿಸಿ ಹಣ ವಾಪಸು ಪಡೆಯಿತು. ಹಳ್ಳಿಗಾಗಿ ದುಡಿಯಬಹುದಾಗಿದ್ದ ಸಂಸ್ಥೆಯೂ ಹೀಗೆ ಕೈಬಿಟ್ಟ ಮೇಲೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. 2010ರಲ್ಲಿ ಮಾರಿದ ಅದೇ 2.3 ಗಿಗಾಹರ್ಟ್ಸ್ ತರಂಗಾಂತರವೂ ಅದರ ಬಳಕೆಯಲ್ಲಿತ್ತು. ಹಳ್ಳಿಯವರ ಕೈಗೆ ಮೊಬೈಲ್ ಡಾಟಾ ಅಗ್ಗವಾಗಿ ಸಿಕ್ಕಿತು ಎಂಬುದನ್ನು ಒಪ್ಪಲೇಬೇಕು. ಆದರೆ ಒಂದು ಮೊಬೈಲಿನಲ್ಲಿ ಸಿನಿಮಾ ನೋಡುವುದು ಬೇರೆ. 40 ಮಕ್ಕಳ ಕಂಪ್ಯೂಟರ್ ಕೊಠಡಿ ನಡೆಸುವುದು, ಪಡಿತರಕ್ಕೆ ಬೆರಳಚ್ಚು ಕೊಡುವುದು, ಸರಕಾರದ ಯೋಜನೆಗೆ ಅರ್ಜಿ ತುಂಬುವುದು ಬೇರೆ. ಸಂಪರ್ಕ ಕಡಿದುಹೋದ ದಿನ ಕೂಲಿ ಬಿಟ್ಟು ಸರದಿಯಲ್ಲಿ ನಿಂತವಳ ಆ ದಿನದ ಸಂಬಳವೂ ಹೋಗುತ್ತದೆ.

ಈಗಿನ ಏರ್‌ಫೈಬರ್ ಹೆಚ್ಚಾಗಿ 5ಜಿ ತರಂಗಗಳ ಮೇಲೆ ಸಾಗುತ್ತದೆ. 3.5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಆದರೆ ತಲುಪುವ ದೂರ ಹಳೆಯದಕ್ಕಿಂತ ಕಡಿಮೆ. 26 ಗಿಗಾಹರ್ಟ್ಸ್ ಆದರೆ ಇನ್ನೂ ಕಡಿಮೆ. ಆದುದರಿಂದ ಲಾಭ ಮೊದಲು ಬಳ್ಳಾರಿಯ ಬಡಾವಣೆಗಳಿಗೆ ಹೋಗುವುದು ಸಹಜ. ದೂರದ ಹಳ್ಳಿಗೆ ಹತ್ತಿರದಲ್ಲೇ ಟವರ್ ಬೇಕು, ಟವರಿನ ಬುಡಕ್ಕೆ ಫೈಬರ್ ಬೇಕು.

ಪೋಪರ ಸಾಮಾಜಿಕ ಸಂಪರ್ಕ ಮಂಡಳಿ 2002ರಲ್ಲೇ ಅಂತರಜಾಲದ ನೀತಿಯ ಬಗ್ಗೆ ದಾಖಲೆ ಹೊರಡಿಸಿ, ಇಂಟರ್ನೆಟ್ ಇದ್ದವರು ಇಲ್ಲದವರ ನಡುವಿನ ಕಂದಕವನ್ನು ತಾರತಮ್ಯದ ಒಂದು ರೂಪವೆಂದೇ ಗುರುತಿಸಿತ್ತು. ಧರ್ಮಕೇಂದ್ರಗಳಲ್ಲಿ ಇದರ ಚರ್ಚೆ ನಡೆದದ್ದು ಕಡಿಮೆ. ಮಕ್ಕಳು ಮೊಬೈಲಿನಿಂದ ಕೆಡುತ್ತಾರೆ ಎಂಬ ಪ್ರವಚನವೇ ಹೆಚ್ಚು.

ಮಾಡಬಹುದಾದದ್ದು ಇಲ್ಲದಿಲ್ಲ. 2018ರಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಸರಕಾರ ಪರವಾನಗಿಯಿಂದ ಮುಕ್ತಗೊಳಿಸಿದೆ. ನಿಗದಿತ ಶಕ್ತಿಯ ಮಿತಿಯೊಳಗೆ ಒಂದು ಶಾಲೆಯ ಮಾಳಿಗೆಯಿಂದ ಕಣ್ಣಿಗೆ ಕಾಣುವ ಇನ್ನೊಂದು ಶಾಲೆಯ ಮಾಳಿಗೆಗೆ ಕೆಲವು ಕಿಲೋಮೀಟರ್ ಸಂಪರ್ಕ ಒಯ್ಯಲು ಸಾಧ್ಯ. ಹಿಮಾಚಲದ ಧರ್ಮಶಾಲಾದಲ್ಲಿ ಏರ್‌ಜಲ್ದಿ ಸಂಸ್ಥೆ ಗುಡ್ಡಗಾಡಿನಲ್ಲೇ ಇಂಥ ಜಾಲ ಕಟ್ಟಿದೆ. ಸಿರುಗುಪ್ಪದ ಬಯಲಿನಲ್ಲಿ ಅದು ಇನ್ನೂ ಸುಲಭ. ಊರಿನವರಿಗೂ ವೈ-ಫೈ ಹಂಚಬೇಕೆಂದರೆ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯಲ್ಲಿ ಸಣ್ಣ ಅಂಗಡಿಯವನಿಗೂ ಪರವಾನಗಿ ಬೇಕಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಭಾರತ್‌ನೆಟ್. 2011ರಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಯೋಜನೆಯಲ್ಲಿ ಫೈಬರ್ ಗ್ರಾಮ ಪಂಚಾಯತ್ ಕಚೇರಿಗೆ ಬಂದು ನಿಲ್ಲುತ್ತಿತ್ತು. 2023ರ ಆಗಸ್ಟ್‌ನಲ್ಲಿ ಸಂಪುಟ ಒಪ್ಪಿದ 1,39,579 ಕೋಟಿ ರೂ.ಗಳ ಪರಿಷ್ಕೃತ ಯೋಜನೆಯಲ್ಲಿ ಪಂಚಾಯತ್ ಕೇಂದ್ರವಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೂ ಫೈಬರ್ ಇದೆ. ಆದರೆ ಅದು ಬೇಡಿಕೆ ಬಂದಲ್ಲಿಗೆ ಮಾತ್ರ. ಕಂಪೆನಿಗೆ ಲಾಭ ಕಾಣದ ಹಳ್ಳಿಯ ಪರವಾಗಿ ಬೇಡಿಕೆ ಸಲ್ಲಿಸುವವರು ಯಾರು? ಗ್ರಾಮಸಭೆಯಲ್ಲಿ ಎದ್ದು ಕೇಳಿ ಠರಾವಿನಲ್ಲಿ ಬರೆಸಲು ಶಾಲೆಯ ಮುಖ್ಯಸ್ಥೆಯಾದ ಧರ್ಮಭಗಿನಿಗೂ, ಸ್ವಸಹಾಯ ಸಂಘದ ಕಾರ್ಯಕರ್ತೆಗೂ ಸಾಧ್ಯವಿದೆ. ಹೋಗುವ ಮೊದಲು ಪಂಚಾಯತ್ ಕಚೇರಿಯ ಫೈಬರ್ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ಎಂದೊಮ್ಮೆ ಇಣುಕಿ ನೋಡಿದರೆ, ಸಭೆಯಲ್ಲಿ ಮೊದಲ ಪ್ರಶ್ನೆ ಅಲ್ಲೇ ಸಿಗಬಹುದು.