ಹಳೆಯ ಕಾರಿಗೆ ಹೊಸ ಸಿಲಿಂಡರ್

ಬೆಳಗಾವಿಯಿಂದ ಸಾಂಬ್ರಾ ದಾಟಿ ಬಾಗಲಕೋಟೆಯತ್ತ ಸಾಗುವ ದಾರಿಯಲ್ಲಿ ನೇಸರಗಿ ಸಿಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಈ ದಾರಿಯ ಪ್ರಯಾಣವೆಂದರೆ ಚಾಲಕನ ತಾಳ್ಮೆಗೆ ಪರೀಕ್ಷೆ. ಒಂದೇ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರುಗಳು. ಅವುಗಳ ಅಂಚು ಮೀರಿ ಚಾಚಿದ ಕಬ್ಬು. ಹಿಂದೆ ಕೆಂಪು ದೀಪ ಇದ್ದರೆ ಅದು ಪುಣ್ಯ. ಇಂತಹ ಹೇರಿನ ಬೆನ್ನ ಹಿಂದೆ, 1960ರ ದಶಕದ ಎರಡು ಆಸನದ ಸ್ಪೋರ್ಟ್ಸ್ ಕಾರೊಂದು ಬರುತ್ತಿದೆಯೆಂದು ವಾಚಕರು ಊಹಿಸಿಕೊಳ್ಳಲಿ. ಟ್ರ್ಯಾಕ್ಟರು ಥಟ್ಟನೆ ನಿಲ್ಲುತ್ತದೆ. ಕಾರಿನ ಚಾಲಕನು ಬ್ರೇಕನ್ನು ತುಳಿಯುತ್ತಾನೆ. ಪೆಡಲು ಯಾವ ಪ್ರತಿರೋಧವನ್ನೂ ತೋರದೆ ನೆಲವನ್ನು ಮುಟ್ಟುತ್ತದೆ.

ಇಂತಹ ದುರ್ಘಟನೆಗೆ ಅನೇಕ ಸಲ ಕಾರಣವಾಗುವುದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ಎರಕದ ವಸ್ತು. ಅದರ ಹೆಸರು ಮಾಸ್ಟರ್ ಸಿಲಿಂಡರ್. ಕಾಲಿನ ಒತ್ತಡವು ಅದರೊಳಗಿನ ಪಿಸ್ಟನ್ನನ್ನು ಮುಂದೂಡುತ್ತದೆ. ಪಿಸ್ಟನ್ನು ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆ ಒತ್ತಡ ಸಣ್ಣ ಕೊಳವೆಗಳ ಮೂಲಕ ನಾಲ್ಕು ಚಕ್ರಗಳನ್ನೂ ತಲುಪುತ್ತದೆ. ಸೂಜಿ ತೆಗೆದ ಎರಡು ಸಿರಿಂಜುಗಳ ನಡುವೆ ನೀರು ತುಂಬಿದ ನಳಿಕೆ ಜೋಡಿಸಿ ಒಂದನ್ನು ಒತ್ತಿ ನೋಡಿದ ಶಾಲೆಯ ಹುಡುಗನಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬಾತನು ಈ ತತ್ವವನ್ನು ಮೋಟಾರಿನ ಬ್ರೇಕಿಗೆ ಅಳವಡಿಸಿದವರಲ್ಲಿ ಪ್ರಮುಖನು. ವಿಮಾನಗಳಿಂದ ಪ್ರಸಿದ್ಧವಾದ ಲಾಕ್‌ಹೀಡ್ ಸೋದರರಲ್ಲಿ ಈತನೂ ಒಬ್ಬ! 1921ರ ಡ್ಯೂಸನ್‌ಬರ್ಗ್ ಕಾರಿನಲ್ಲಿ ಈ ಬಗೆಯ ಬ್ರೇಕು ನಾಲ್ಕೂ ಚಕ್ರಗಳಿಗೆ ಬಂದಿತು.

ಆದರೆ ಆ ವಿಧಾನದಲ್ಲಿ ಒಂದು ದೊಡ್ಡ ಕೊರತೆ ಉಳಿಯಿತು. ಇರುವುದು ಒಂದೇ ಪಿಸ್ಟನ್, ಒಂದೇ ಮಾರ್ಗ. ಒಂದು ರಬ್ಬರ್ ವಾಷರ್ ಸೋತರೆ ನಾಲ್ಕು ಚಕ್ರಗಳ ಬ್ರೇಕೂ ಒಮ್ಮೆಗೇ ಸೋತಂತೆ. ಒಂದು ಕಡೆ ಸೋರಿದರೂ ಬ್ರೇಕು ಪೂರ್ತಿಯಾಗಿ ಸೋಲಬಾರದೆಂಬ ಕಟ್ಟಳೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1968ರಲ್ಲಿ. ಅದಕ್ಕೆ ಹಿಂದಿನ ಬಹುಪಾಲು ಸ್ಪೋರ್ಟ್ಸ್ ಕಾರುಗಳು ಒಂಟಿ ಮಾರ್ಗದವೇ.

ನಮ್ಮ ದೇಶದ ಕುಟುಂಬಗಳಿಗೆ ಇವುಗಳ ಒಂದು ಬಂಧುವಿನ ಪರಿಚಯವುಂಟು. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಹಿರಿಯರು ಮರೆತಿರಲಾರರು. ಅದರ ಇಂಗ್ಲಿಷ್ ಮೂಲವಾದ ಟ್ರಯಂಫ್ ಹೆರಾಲ್ಡಿನ ಚಾಸಿಯನ್ನೇ ಮೊಟಕುಗೊಳಿಸಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಎರಡಕ್ಕೂ ರೂಪ ಕೊಟ್ಟವನು ಇಟಲಿಯ ಮಿಚೆಲೋಟ್ಟಿ. ಹೀಗೆ ರಕ್ತಸಂಬಂಧವಿರುವುದರಿಂದ ಒಂದರ ಸಿಲಿಂಡರನ್ನು ಇನ್ನೊಂದಕ್ಕೆ ಕೂಡಿಸುವ ಆಸೆ ಹುಟ್ಟುವುದು ಸಹಜ. ಆದರೆ ಹೊರಗಿನ ಆಕಾರವನ್ನು ಕಂಡು ಮೋಸಹೋಗಬಾರದು. ಒಳವ್ಯಾಸ 5/8 ಅಂಗುಲದ ಬದಲು 3/4 ಅಂಗುಲವಾಯಿತೆನ್ನಿ. ಪಿಸ್ಟನ್ನಿನ ವಿಸ್ತೀರ್ಣ ಶೇಕಡಾ 44ರಷ್ಟು ಹೆಚ್ಚುತ್ತದೆ. ಅಷ್ಟೇ ಬ್ರೇಕಿಗೆ ಕಾಲು ಕೂಡ ಅಷ್ಟೇ ಹೆಚ್ಚು ಬಲವನ್ನು ಹಾಕಬೇಕಾಗುತ್ತದೆ.

ಮಾಸ್ಟರ್ ಸಿಲಿಂಡರು ಮುನ್ಸೂಚನೆ ಕೊಡದೆ ಕೈಬಿಡುವುದು ಅಪರೂಪ. ನಿಂತ ಕಾರಿನಲ್ಲಿ ಪೆಡಲನ್ನು ಒತ್ತಿ ಹಿಡಿದರೆ ಅದು ಮೆಲ್ಲನೆ ಕೆಳಗಿಳಿಯುತ್ತದೆ. ಎರಡು ಮೂರು ಸಲ ತುಳಿದರೆ ಮತ್ತೆ ಮೇಲೆ ಬರುತ್ತದೆ. ಯಾವ ಚಕ್ರದಲ್ಲಿಯೂ ಸೋರಿಕೆ ಕಾಣದು. ಏಕೆಂದರೆ ಆಯಿಲು ಒಳಗೊಳಗೇ ವಾಷರಿನ ಅಂಚನ್ನು ದಾಟಿ ಹಿಂದಕ್ಕೆ ನುಸುಳುತ್ತಿರುತ್ತದೆ. ಕೆಲವೊಮ್ಮೆ ಪೆಡಲಿನ ಹಿಂಬದಿಯ ಜಮಖಾನೆ ಒದ್ದೆಯಾಗಿರುವುದೂ ಉಂಟು. “ಎರಡು ಸಲ ತುಳಿದರೆ ಹಿಡಿಯುತ್ತದಲ್ಲ” ಎಂದು ಸಮಾಧಾನ ತಂದುಕೊಳ್ಳುವ ಒಡೆಯನು, ಆ ಎರಡನೆಯ ತುಳಿತಕ್ಕೆ ಟ್ರ್ಯಾಕ್ಟರು ಕಾಲಾವಕಾಶ ಕೊಡುವುದೆಂದು ನಂಬಿದ್ದಾನೆ.

ಓಡುವ ಕಾರಿಗಿಂತ ಶೆಡ್ಡಿನಲ್ಲಿ ಬೆಚ್ಚಗೆ ನಿಂತ ಕಾರಿಗೇ ಈ ರೋಗ ಹೆಚ್ಚು. ಸಾಮಾನ್ಯ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಅದಕ್ಕೆ ತೇವದ ಅಭಾವವಿಲ್ಲ. ನೀರು ಸೇರಿದ ಆಯಿಲು ಎರಕದ ಒಳಗೋಡೆಯನ್ನು ತುಕ್ಕಿನಿಂದ ತಿನ್ನುತ್ತದೆ. ಅಲ್ಲಿ ಸೂಜಿಮೊನೆಯಷ್ಟು ಕುಳಿ ಬಿದ್ದರೂ ಅದು ವಾಷರನ್ನು ಕೆರೆದುಹಾಕುತ್ತದೆ. ಆದ್ದರಿಂದಲೇ ಗ್ಯಾರೇಜುಗಳಲ್ಲಿ ವಾಡಿಕೆಯಾಗಿರುವ “ಕಿಟ್ ಹಾಕುವ” ಉಪಾಯ, ಎಂದರೆ ವಾಷರುಗಳನ್ನಷ್ಟೇ ಬದಲಿಸುವುದು, ಗೋಡೆ ಕನ್ನಡಿಯಂತಿದ್ದರೆ ಮಾತ್ರ ಸರಿ. ಕುಳಿ ಬಿದ್ದ ಗೋಡೆಗೆ ಹೊಸ ವಾಷರು ಕೆಲವೇ ತಿಂಗಳ ಸಾಂತ್ವನ.

ಮತ್ತೊಂದು ದಾರಿಯೂ ಇದೆ: ಒಳಗೋಡೆಯನ್ನು ಕೊರೆದು ಸ್ಟೇನ್‌ಲೆಸ್ ಉಕ್ಕಿನ ಇಲ್ಲವೆ ಹಿತ್ತಾಳೆಯ ಒಳಕೊಳವೆಯನ್ನು ಕೂಡಿಸುವುದು. ಬೆಳಗಾವಿಯ ಉದ್ಯಮಬಾಗವು ಎರಕದ ಕೆಲಸಕ್ಕೂ ಹೈಡ್ರಾಲಿಕ್ ಯಂತ್ರಗಳಿಗೂ ಹೆಸರಾದ ಪ್ರದೇಶ. ನೇಸರಗಿಯವರಿಗೆ ದೂರವೂ ಅಲ್ಲ. ಅಲ್ಲಿನ ನುರಿತ ಕೈಗಳಿಗೆ ಇದು ಅಸಾಧ್ಯವಲ್ಲ. ಆದರೂ ಹೊಸ ಸಿಲಿಂಡರು ದೊರೆಯುವಾಗ ಹಳೆಯದನ್ನು ಕೊರೆಸುವುದು ಜಾಣತನವೆನಿಸದು. ಮೂಲ ಭಾಗವೇ ಇರಬೇಕೆಂಬ ಸಂಗ್ರಾಹಕರ ಹಟ ಬಣ್ಣಕ್ಕೂ ಬಾನೆಟ್ಟಿಗೂ ಶೋಭಿಸೀತು. ಹಳೆಯ ಸಿಲಿಂಡರನ್ನು ಒರೆಸಿ ಕಪಾಟಿನಲ್ಲಿಟ್ಟರೆ ಕಾರಿನ ಮಾನವೇನೂ ಹೋಗದು.

ಬದಲಿಸುವ ಕೆಲಸ ಕಷ್ಟದ್ದಲ್ಲ, ಎಚ್ಚರಿಕೆಯದು. ಮೊದಲು ಸುತ್ತಲಿನ ಬಣ್ಣದ ಮೇಲೆ ಒದ್ದೆ ಬಟ್ಟೆ ಹೊದಿಸಬೇಕು. ಬ್ರೇಕ್ ಆಯಿಲು ಬಣ್ಣವನ್ನು ಸುಲಿದುಬಿಡುತ್ತದೆ. ಕೊಳವೆಯ ನಟ್ಟಿಗೆ ಸಡಿಲ ಪಾನಾ ಹಾಕಿದರೆ ಅದರ ಮೂಲೆಗಳು ಸವೆದು, ಹತ್ತು ನಿಮಿಷದ ಕೆಲಸ ಒಂದು ದಿನದ್ದಾಗುತ್ತದೆ. ಹೊಸ ಸಿಲಿಂಡರನ್ನು ಕೂಡಿಸುವ ಮೊದಲು ಮೇಜಿನ ಮೇಲೆಯೇ ಆಯಿಲು ತುಂಬಿ ಪಿಸ್ಟನ್ನನ್ನು ಮೆಲ್ಲನೆ ಆಡಿಸಿ ಒಳಗಿನ ಗಾಳಿಯನ್ನು ಹೊರಹಾಕತಕ್ಕದ್ದು. ಕೂಡಿಸಿದ ಬಳಿಕ ಪೆಡಲಿನ ತುದಿಯಲ್ಲಿ ಸ್ವಲ್ಪ ಸಡಿಲು ಇರಲೇಬೇಕು. ಇಲ್ಲವಾದರೆ ಪಿಸ್ಟನ್ನು ಪೂರ್ತಿ ಹಿಂದಿರುಗದೆ, ಆಯಿಲು ಮರಳುವ ದಾರಿ ಮುಚ್ಚಿಕೊಂಡು, ಬ್ರೇಕು ತಾನಾಗಿಯೇ ಹಿಡಿದುಕೊಳ್ಳುತ್ತದೆ. ಅನಂತರ ದೂರದ ಚಕ್ರದಿಂದ ಆರಂಭಿಸಿ, ನಮ್ಮ ಬಲಬದಿ ಚಾಲನೆಯ ಕಾರುಗಳಲ್ಲಿ ಸಾಮಾನ್ಯವಾಗಿ ಎಡ ಹಿಂಬದಿಯಿಂದ, ಏರ್ ತೆಗೆಯಬೇಕು. ಒಬ್ಬನು ಪೆಡಲು ತುಳಿಯುವುದು, ಇನ್ನೊಬ್ಬನು ನಿಪ್ಪಲ್ ಸಡಿಲಿಸುವುದು. ಇಲ್ಲಿ ಮನೆಯ ಮಕ್ಕಳಿಗೂ ಒಂದು ಪಾತ್ರ ದೊರೆಯುತ್ತದೆ. ಸೀಸೆಗೆ ಇಳಿದ ಆಯಿಲನ್ನು ಉಳಿತಾಯದ ಆಸೆಯಿಂದ ಮತ್ತೆ ಸುರಿಯಬಾರದು.

ಕೊನೆಗೆ ಪೆಡಲನ್ನು ಬಲವಾಗಿ ಒತ್ತಿ ಪೂರ್ತಿ ಒಂದು ನಿಮಿಷ ಹಿಡಿಯಬೇಕು. ಅದು ಕದಲದಿದ್ದರೆ ಕಾರನ್ನು ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರಗಳನ್ನು ನೋಡಿ, ಕೈಬ್ರೇಕನ್ನೂ ಪರೀಕ್ಷಿಸಿ, ಬಳಿಕ ಯರಗಟ್ಟಿಯ ಕಡೆಗೋ ಬೈಲಹೊಂಗಲದ ಕಡೆಗೋ ಹೊರಡಬಹುದು.