ಬಸುರಿನಲ್ಲಿ ಇಸುಬು ಕೆರಳಿದರೆ

"ನನಗೀಗ ಐದು ತಿಂಗಳು. ಕತ್ತು, ಮೊಣಕೈ ಮಡಿಕೆ ಎಲ್ಲಾ ಕೆಂಪಾಗಿ ತುರಿಕೆ. ರಾತ್ರಿ ನಿದ್ದೆಯಿಲ್ಲ. ಡಾಕ್ಟರು ಎಕ್ಸಿಮಾ ಎಂದು ಮುಲಾಮು ಬರೆದುಕೊಟ್ಟಿದ್ದಾರೆ. ಹಚ್ಚಿದರೆ ಮಗುವಿಗೆ ಕೇಡು ಅಂತಾರೆ ನಮ್ಮತ್ತೆ. ಏನು ಮಾಡಲಿ?"
– ಓದುಗ ಸೋದರಿ, ಯಲಹಂಕ

ಸೋದರಿ, ಮೊದಲು ಸಮಾಧಾನ ಮಾಡಿಕೊಳ್ಳಿ. ಇಸುಬು ಅಂಟುರೋಗವಲ್ಲ, ಹೊಟ್ಟೆಯಲ್ಲಿರುವ ಕೂಸಿಗೆ ಅದರಿಂದ ತೊಂದರೆಯಿಲ್ಲ. ಬಸುರಿನಲ್ಲಿ ಹಳೆಯ ಇಸುಬು ಕೆರಳುವುದುಂಟು, ಕೆಲವರಿಗೆ ಹೊಸದಾಗಿಯೂ ಬರುತ್ತದೆ.

ಅತ್ತೆಯವರ ಕಾಳಜಿ ಸರಿ, ಮಾತು ಪೂರ್ತಿ ಸರಿಯಲ್ಲ. ಸೌಮ್ಯವಾದ ಸ್ಟೀರಾಯ್ಡ್ ಮುಲಾಮನ್ನು ಡಾಕ್ಟರು ಹೇಳಿದಷ್ಟು ದಿನ ತೆಳುವಾಗಿ ಹಚ್ಚಬಹುದು. ಬಲು ಜೋರಿನದನ್ನು ಟ್ಯೂಬುಗಟ್ಟಲೆ ಬಳಿದರೆ ಮಗುವಿನ ತೂಕ ಕಡಿಮೆಯಾಗುವ ಸಂಭವವಿದೆ. ಔಷಧಿ ಅಂಗಡಿಯವನು ಕೇಳಿದ ಕೂಡಲೇ ಕೊಡುವ 'ಎಲ್ಲಾ ತುರಿಕೆಗೂ ಒಂದೇ' ಟ್ಯೂಬಿನಲ್ಲಿ ಎಷ್ಟೋ ಸಲ ಈ ಜೋರಿನದೇ, ಕ್ಲೋಬೆಟಾಸಾಲ್, ಇರುತ್ತದೆ. ಅದನ್ನು ಮುಟ್ಟಬೇಡಿ.

ಇನ್ನು ಸ್ನಾನ. ಬೋರ್‌ವೆಲ್ಲಿನ ಗಡಸು ನೀರಿಗೆ ನೊರೆ ಬರೋಲ್ಲ ಅಂತ ಸೋಪು ಇನ್ನಷ್ಟು ಉಜ್ಜುತ್ತೇವೆ, ಚರ್ಮ ಒಣಗಿ ಬಿರಿಯುತ್ತದೆ. ಸುಡುನೀರು ಬೇಡ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷದೊಳಗೆ ಮುಗಿಸಿ, ಹಳೇ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಮೈ ಆರುವ ಮೊದಲೇ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಧಾರಾಳವಾಗಿ ಸವರಿ. ರಾತ್ರಿ ಇನ್ನೊಮ್ಮೆ. ತುರಿಸಿ ಹಸಿಯಾದ ಜಾಗಕ್ಕೆ ನಿಂಬೆರಸ, ಬೇವಿನ ರಸ ಹಾಕಿ ಉರಿ ತಂದುಕೊಳ್ಳಬೇಡಿ. ಸೀಮಂತಕ್ಕೆ ಬಳೆ ತೊಡಿಸುವಾಗ ಒಂದಳತೆ ಸಡಿಲವೇ ಇರಲಿ. ಬಿಗಿ ಬಳೆಯ ಕೆಳಗೆ ಸೋಪು, ಬೆವರು ನಿಲ್ಲುತ್ತದೆ.

ಮನೆ ಪಕ್ಕ ಖಾಲಿ ಸೈಟಿದೆಯೆ? ಬಿಳಿ ಹೂವಿನ ಕಾಂಗ್ರೆಸ್ ಗಿಡ ತಾಗಿದರೂ, ಅದರ ಒಣಪುಡಿ ಗಾಳಿಯಲ್ಲಿ ಬಂದರೂ ಕೆಲವರಿಗೆ ಇದೇ ಜಾಗಗಳಲ್ಲಿ ಇಸುಬಾಗುತ್ತದೆ. ಅದನ್ನು ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊದ ದುಂಬಿ ಬಿಟ್ಟರು. ದುಂಬಿಯೂ ಇದೆ, ಗಿಡವೂ ಇದೆ! ಯಜಮಾನರು ಕೈಗವಸು ಹಾಕಿಕೊಂಡು ಕೀಳಲಿ, ನೀವು ಹತ್ತಿರ ಹೋಗಬೇಡಿ.

ಬದನೆ, ಹಾಲು, ಮೊಟ್ಟೆ ಎಲ್ಲಾ ಬಿಡಿಸಿ ಬರೀ ಅನ್ನ-ಸಾರಿನ ಪಥ್ಯ ಮಾಡಿಸಿದರೆ ಒಪ್ಪಬೇಡಿ. ಈಗ ನಿಮಗೆ ಪುಷ್ಟಿ ಬೇಕು.

ಒಂದು ಮಾತು ಎಲ್ಲಾ ಬಸುರಿಯರಿಗೂ. ಏಳನೇ ತಿಂಗಳ ಆಚೆ, ಗುಳ್ಳೆ ಏನೂ ಕಾಣದೆ ಅಂಗೈ ಅಂಗಾಲು ವಿಪರೀತ ತುರಿಸಿದರೆ ಅದು ಲಿವರಿನ ತೊಂದರೆ ಇರಬಹುದು. ಅದರಿಂದ ಮಗುವಿಗೆ ಅಪಾಯವುಂಟು. ತಾಯಿ ಕಾರ್ಡ್ ಹಿಡಿದು ಅದೇ ದಿನ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ. ಇಸುಬಿನಲ್ಲಿ ಕೀವು ತುಂಬಿ ಜ್ವರ ಬಂದರೂ ತಡಮಾಡಬೇಡಿ.

ಮುಲಾಮಿನ ಹೆಸರು ನೀವು ಬರೆದಿಲ್ಲ. ಮುಂದಿನ ಸಲ ಆ ಟ್ಯೂಬನ್ನೇ ಡಾಕ್ಟರಿಗೆ ತೋರಿಸಿ, ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.