ಮಿತವ್ಯಯಕ್ಕೆ ದಂಡ ತೆರುವ ವೃತ್ತಿ

ಇಟ್ಟಿಗೆಯನ್ನು ಮಲಗಿಸುವ ಬದಲು ಮಗ್ಗುಲ ಮೇಲೆ ನಿಲ್ಲಿಸಿ ಕಟ್ಟಿದರೆ ಒಂಬತ್ತಿಂಚಿನ ಗೋಡೆಯ ನಡುವೆ ಪೊಳ್ಳು ಉಳಿಯುತ್ತದೆ. ಗೋಡೆಯ ದಪ್ಪ ಅಷ್ಟೇ ಇರುತ್ತದೆ, ಇಟ್ಟಿಗೆ ಮಾತ್ರ ಸುಮಾರು ಕಾಲುಭಾಗ ಕಡಿಮೆ ಸಾಕು. ಪೊಳ್ಳಿನಲ್ಲಿ ನಿಂತ ಗಾಳಿ ಬಿಸಿಲಿನ ಕಾವನ್ನು ಒಳಕ್ಕೆ ಸುಲಭವಾಗಿ ಬಿಡುವುದಿಲ್ಲ. ‘ರ‍್ಯಾಟ್ ಟ್ರ್ಯಾಪ್’ ಎಂದು ಕರೆಯುವ ಈ ಕಟ್ಟಣೆಯನ್ನು ಕೇರಳದಲ್ಲಿ ಜನಪ್ರಿಯಗೊಳಿಸಿದವರು ವಾಸ್ತುಶಿಲ್ಪಿ ಲಾರಿ ಬೇಕರ್.

1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಬೇಕರ್, ಕುಷ್ಠರೋಗಿಗಳ ಆಸ್ಪತ್ರೆ ಕಟ್ಟುವ ಕೆಲಸಕ್ಕೆಂದು 1945ರಲ್ಲಿ ಭಾರತಕ್ಕೆ ಬಂದರು. ಪಿಥೋರಗಢದ ಗುಡ್ಡಗಾಡಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದಾಗ, ಕಾಲೇಜಿನಲ್ಲಿ ಕಲಿತದ್ದು ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು ಎಂಬುದು ಅವರಿಗೆ ಅರಿವಾಯಿತು. ಸ್ಥಳೀಯರು ಕಲ್ಲು, ಮಣ್ಣು, ಮರ ಬಳಸುವ ರೀತಿಯೇ ಅವರ ಪಾಠವಾಯಿತು. ಮುಂದೆ ತಿರುವನಂತಪುರದ ಉಳ್ಳೂರಿನಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಕಟ್ಟುವಾಗ ಮರಗಳನ್ನು ಉಳಿಸಿಕೊಂಡು ಗೋಡೆಗಳನ್ನು ಅವುಗಳ ಸುತ್ತ ಬಾಗಿಸಿ ಒಯ್ದರು. ಹಲವೆಡೆ ಕಿಟಕಿಯ ಬದಲು ಇಟ್ಟಿಗೆಯ ಜಾಲರಿ ಬಂತು. ಗಾಜು, ಚೌಕಟ್ಟು, ಸರಳಿನ ಖರ್ಚು ಉಳಿಯಿತು. ನೆಲದ ಮೇಲೆ ಬೆಳಕಿನ ಚಿತ್ತಾರ ಮೂಡಿತು.

ತಾರಸಿಯಲ್ಲೂ ಅದೇ ಜಾಣ್ಮೆ. ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಾಳಿಕೊಳ್ಳುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟಿನ ಪಾಲು ತೀರಾ ಕಡಿಮೆ. ಹಾಗಾಗಿ ಕಂಬಿಗಳ ನಡುವಿನ ಜಾಗದಲ್ಲಿ ಹಳೆಯ ಮಂಗಳೂರು ಹೆಂಚು ಇಟ್ಟು ಮೇಲೆ ಕಾಂಕ್ರೀಟು ಸುರಿದರೆ ಸಿಮೆಂಟೂ ಉಳಿಯುತ್ತದೆ, ಭಾರವೂ ಇಳಿಯುತ್ತದೆ. ಇಂಥದ್ದೆಲ್ಲ ಕಚೇರಿಯಲ್ಲಿ ಕುಳಿತರೆ ಹೊಳೆಯುವುದು ಕಷ್ಟ. ಬೇಕರ್ ಒಂದು ಮಗ್ಗುಲು ಬಳಸಿದ ಕಾಗದದ ಹಿಂಬದಿಯಲ್ಲೇ ನಕ್ಷೆ ಬರೆಯುತ್ತಿದ್ದರು, ಕೆಲಸದ ಜಾಗದಲ್ಲಿ ಗಾರೆಯವರ ಜೊತೆ ನಿಂತು ಅದನ್ನು ತಿದ್ದುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ನಗರಗಳು ಗಾಜು, ಕಾಂಕ್ರೀಟಿಗೇ ಅಂಟಿಕೊಂಡಿರುವುದೇಕೆ? ಗ್ರಾಹಕರ ಅಭಿರುಚಿಯತ್ತ ಬೆರಳು ತೋರಿಸುವವರೇ ಹೆಚ್ಚು. ಆದರೆ ಸಂಭಾವನೆಯ ಲೆಕ್ಕವನ್ನೂ ನೋಡಬೇಕು. ವಾಸ್ತುಶಿಲ್ಪಿಯ ಶುಲ್ಕವನ್ನು ಕಟ್ಟಡದ ಒಟ್ಟು ವೆಚ್ಚದ ಶೇಕಡಾವಾರು ನಿಗದಿ ಮಾಡುವ ರೂಢಿ ವ್ಯಾಪಕವಾಗಿದೆ. 50 ಲಕ್ಷದ ಮನೆಗೆ ಶೇ 5 ಎಂದರೆ ಎರಡೂವರೆ ಲಕ್ಷ. ತಲೆ ಖರ್ಚು ಮಾಡಿ ಮಾಲೀಕರಿಗೆ ಹತ್ತು ಲಕ್ಷ ಉಳಿಸಿಕೊಟ್ಟರೆ ಶುಲ್ಕದಲ್ಲಿ 50 ಸಾವಿರ ಖೋತಾ! ಸೃಜನಶೀಲತೆಯ ಕುರಿತು ಎಷ್ಟು ಕಾರ್ಯಾಗಾರ ನಡೆಸಿದರೇನು, ಮಿತವಾಗಿ ಕಟ್ಟಿದವರಿಗೆ ದಂಡ ಹಾಕುವ ಈ ಪದ್ಧತಿ ಬದಲಾಗದೆ ಹೆಚ್ಚು ಫಲ ಸಿಗದು.

ಪರ್ಯಾಯ ಜ್ಞಾನಕ್ಕೆ ಕರ್ನಾಟಕದಲ್ಲೂ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಸೌದೆ ಉಳಿಸುವ ಒಲೆಯ ಜೊತೆಗೆ ಮಣ್ಣಿನ ಇಟ್ಟಿಗೆಯನ್ನೂ ರೂಪಿಸಿತು. ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆಯನ್ನು ಗೂಡಿನಲ್ಲಿ ಸುಡಬೇಕಿಲ್ಲ, ನೀರುಣಿಸಿ ಹದಗೊಳಿಸಿದರೆ ಸಾಕು. ಮಣ್ಣು ಹೊಂದುವಂತಿದ್ದರೆ ಪಾಯ ಅಗೆದದ್ದೇ ಗೋಡೆಯಾಗುತ್ತದೆ.

ಸಂಭಾವನೆಯನ್ನು ಚದರಡಿಯ ಲೆಕ್ಕದಲ್ಲೋ ಮೊದಲೇ ಒಪ್ಪಿದ ಮೊತ್ತಕ್ಕೋ ನಿಗದಿಪಡಿಸಿ, ನಿವೇಶನದಲ್ಲಿ ಕಳೆಯುವ ದಿನಗಳಿಗೆ ಬೇರೆಯಾಗಿ ಹಣ ಕೊಡುವುದು ಕಷ್ಟದ ಮಾತಲ್ಲ. ಇದನ್ನು ಸರ್ಕಾರವೇ ಮೊದಲು ಮಾಡಿ ತೋರಿಸಬಹುದು. ಅಂಗನವಾಡಿ, ಶಾಲಾ ಕೊಠಡಿಗಳಂಥ ಸಣ್ಣ ಕಟ್ಟಡಗಳ ವಿನ್ಯಾಸವನ್ನು ಈ ಷರತ್ತಿನ ಮೇಲೆ ಯುವ ವಾಸ್ತುಶಿಲ್ಪಿಗಳಿಗೆ ವಹಿಸಿ, ಪ್ರತಿ ತಾಲ್ಲೂಕಿನಲ್ಲೂ ಒಂದಿಷ್ಟು ಗಾರೆಯವರಿಗೆ ಮಗ್ಗುಲಿಟ್ಟಿಗೆ ಕಟ್ಟುವ ತರಬೇತಿ ಕೊಡಿಸಲಿ.